ಫ್ಲಾರೆನ್ಸ್–ವೆನಿಸ್ ನಡುವೆ ಒಂದು ದಿನ ಖಾಲಿ ಇದೆ, ಎಲ್ಲಿಗೆ ಹೋಗಲಿ?

ಪ್ರಶ್ನೆ: ನಮಸ್ಕಾರ ಸರ್. ಏಪ್ರಿಲ್‌ನಲ್ಲಿ ಅಪ್ಪ ಅಮ್ಮನನ್ನು ಇಟಲಿಗೆ ಕರೆದುಕೊಂಡು ಹೋಗುತ್ತಿದ್ದೇನೆ. ರೋಮ್, ಫ್ಲಾರೆನ್ಸ್, ವೆನಿಸ್ ಬುಕ್ ಆಗಿದೆ. ನಡುವೆ ಒಂದು ದಿನ ಉಳಿದಿದೆ. ಎಲ್ಲರೂ ಪೀಸಾ ಎನ್ನುತ್ತಾರೆ. ಅಪ್ಪನಿಗೆ ಇತಿಹಾಸ ಅಂದರೆ ಪ್ರಾಣ, ಆದರೆ ಮಂಡಿ ನೋವು. ನೀವು ಟೂರ್ ನಡೆಸುವವರು, ಏನು ಹೇಳುತ್ತೀರಿ?

ಉತ್ತರ: ನಮಸ್ಕಾರ ಮೇಡಂ. ಪೀಸಾ ಗೋಪುರ ಹತ್ತಲು 250ಕ್ಕೂ ಜಾಸ್ತಿ ಮೆಟ್ಟಿಲು. ಅದನ್ನು ಬಿಡಿ, ರವೆನ್ನಾಗೆ ಹೋಗಿ. ಊರು ಸಮತಟ್ಟು, ನೋಡುವ ಜಾಗಗಳು ಹತ್ತಿರ ಹತ್ತಿರ.

402ರಲ್ಲಿ ಪಶ್ಚಿಮ ರೋಮನ್ ಸಾಮ್ರಾಜ್ಯದ ರಾಜಧಾನಿ ಮಿಲಾನ್‌ನಿಂದ ಇಲ್ಲಿಗೆ ಬಂತು. ಸುತ್ತ ಜೌಗು ನೆಲ, ಶತ್ರುಗಳು ಸುಲಭವಾಗಿ ನುಗ್ಗುವಂತಿರಲಿಲ್ಲ. ಆಗಿನ ಮೊಸಾಯಿಕ್‌ಗಳು, ಅಂದರೆ ಬಣ್ಣದ ಚಿಕ್ಕ ಚಿಕ್ಕ ತುಣುಕು ಜೋಡಿಸಿ ಮಾಡಿದ ಚಿತ್ರಗಳು, ಇವತ್ತಿಗೂ ಗೋಡೆ ತುಂಬಾ ಇವೆ. ಮೊದಲು ರೋಮನ್ ರಾಣಿ ಗಲ್ಲಾ ಪ್ಲಾಸಿಡಿಯಾ ಹೆಸರಿನ ಸಮಾಧಿ ಮಂದಿರ ನೋಡಿ. ಹೊರಗಿನಿಂದ ಬರೀ ಇಟ್ಟಿಗೆಯ ಪುಟ್ಟ ಕಟ್ಟಡ. ಒಳಗೆ ಕಡುನೀಲಿ ಛಾವಣಿ, ಅದರ ತುಂಬಾ ಚಿನ್ನದ ಬಣ್ಣದ ನಕ್ಷತ್ರಗಳು. ಕಿಟಕಿಗೆ ಗಾಜಿಲ್ಲ, ತೆಳುವಾದ ಅಲಬಾಸ್ಟರ್ ಕಲ್ಲು. ಹಾಗಾಗಿ ಬೆಳಕು ಜೇನಿನ ಬಣ್ಣದಲ್ಲಿ ಬರುತ್ತದೆ. ಒಳಗೆ ಬಿಡುವುದು ಕೆಲವೇ ನಿಮಿಷ. ಕಣ್ಣು ಹೊಂದಿಕೊಳ್ಳುವವರೆಗೆ ಸುಮ್ನೆ ನಿಂತಿರಿ, ಫೋನ್ ಆಮೇಲೆ ತೆಗೆಯಿರಿ. ಪಕ್ಕದಲ್ಲೇ 547ರ ಸಾನ್ ವಿಟಾಲೆ ಚರ್ಚ್. ಅಲ್ಲಿನ ಮೊಸಾಯಿಕ್‌ಗಳಲ್ಲಿ ಚಕ್ರವರ್ತಿ ಜಸ್ಟಿನಿಯನ್, ರಾಣಿ ಥಿಯೋಡೊರಾ ಪರಿವಾರದೊಂದಿಗೆ ಎದುರುಬದುರು ನಿಂತಿದ್ದಾರೆ.

ಅಪ್ಪನಿಗೆ ಸಾಂತ್ ಅಪೊಲಿನಾರೆ ನುವೊವೊ ಚರ್ಚ್ ಮಾತ್ರ ತಪ್ಪಿಸಬೇಡಿ. ಅದು ಗಾಥ್ ಜನಾಂಗದ ದೊರೆ ಥಿಯೋಡೊರಿಕ್ ಕಟ್ಟಿಸಿದ್ದು. 540ರಲ್ಲಿ ಊರು ಬೈಜಾಂಟಿಯನ್ನರ, ಅಂದರೆ ಜಸ್ಟಿನಿಯನ್‌ನ ಪೂರ್ವ ರೋಮನ್ ಸಾಮ್ರಾಜ್ಯದವರ, ಕೈಗೆ ಹೋಯಿತು. ಆಮೇಲೆ ಚರ್ಚ್ ಗೋಡೆಯ ಮೇಲಿನ ಥಿಯೋಡೊರಿಕ್ ಅರಮನೆಯ ಚಿತ್ರದಲ್ಲಿದ್ದ ಜನರನ್ನೆಲ್ಲ ಕಿತ್ತು, ಆ ಜಾಗಕ್ಕೆ ಪರದೆಯ ಚಿತ್ರ ಕೂರಿಸಿದರು. ಆದರೆ ಕಂಬಗಳ ಮೇಲೆ ಕೆಲವು ಕೈಗಳು ಹಾಗೇ ಉಳಿದಿವೆ! ದೇಹವಿಲ್ಲ, ಕೈ ಮಾತ್ರ. ಅಧಿಕಾರ ಬದಲಾದಾಗ ಏನೇನು ಅಳಿಸುತ್ತಾರೆ ಎಂದು ಇಷ್ಟು ಕಣ್ಣಿಗೆ ಕಟ್ಟುವಂತೆ ತೋರಿಸುವ ಗೋಡೆಯನ್ನು ನಾನು ಇಟಲಿಯಲ್ಲಿ ಬೇರೆಲ್ಲೂ ನೋಡಿಲ್ಲ.

ಪ್ರಶ್ನೆ: ಕೇಳಿಯೇ ಇರಲಿಲ್ಲ ಸರ್! ಲಗೇಜ್ ಇಟ್ಟುಕೊಂಡು ಒಂದೇ ದಿನದಲ್ಲಿ ಆಗುತ್ತದಾ? ಮತ್ತೆ ಅಮ್ಮ ಶುದ್ಧ ಸಸ್ಯಾಹಾರಿ.

ಉತ್ತರ: ಆಗುತ್ತದೆ, ಬೆಳಗ್ಗೆ ಬೇಗ ಹೊರಡಿ. ಫ್ಲಾರೆನ್ಸ್‌ನಿಂದ ಬೊಲೋನ್ಯಗೆ ವೇಗದ ರೈಲಿನಲ್ಲಿ ಮುಕ್ಕಾಲು ಗಂಟೆಯೊಳಗೆ. ಅಲ್ಲಿ ಸ್ಟೇಷನ್‌ನಲ್ಲಿ ಲಗೇಜ್ ಇಡಬಹುದು. ಅಲ್ಲಿಂದ ರವೆನ್ನಾಗೆ ಲೋಕಲ್ ರೈಲು, ಒಂದು ಗಂಟೆಗೆ ಸ್ವಲ್ಪ ಜಾಸ್ತಿ. ಸಂಜೆ ಬೊಲೋನ್ಯಗೆ ವಾಪಸ್ ಬಂದು ವೆನಿಸ್ ರೈಲು ಹಿಡಿಯಿರಿ. ಲೋಕಲ್ ರೈಲಿಗೆ ಕಾಗದದ ಟಿಕೆಟ್ ಕೊಂಡರೆ ಹತ್ತುವ ಮುಂಚೆ ಪ್ಲಾಟ್‌ಫಾರ್ಮ್ ಬಳಿಯ ಮೆಷಿನ್‌ನಲ್ಲಿ ಮುದ್ರೆ ಹಾಕಿಸಿ, ಇಲ್ಲದಿದ್ದರೆ ದಂಡ. ಗಲ್ಲಾ ಪ್ಲಾಸಿಡಿಯಾಗೆ ಸಮಯ ಆರಿಸಿ ಮೊದಲೇ ಬುಕ್ ಮಾಡಬೇಕು.

ಊಟಕ್ಕೆ ಅಲ್ಲಿನ ಪಿಯಾದೀನಾ ರೊಟ್ಟಿ ಇದೆ, ಆದರೆ ಹುಷಾರು. ಹಿಟ್ಟಿಗೆ ಹಂದಿ ಕೊಬ್ಬು ಹಾಕುವುದು ಅಲ್ಲಿನ ರೂಢಿ, ಅದಕ್ಕೆ ‘ಸ್ತ್ರುತ್ತೊ’ ಎನ್ನುತ್ತಾರೆ. ‘ಸೆಂಝಾ ಸ್ತ್ರುತ್ತೊ’ ಅಂದರೆ ಕೊಬ್ಬಿಲ್ಲದ್ದು. ಆಲಿವ್ ಎಣ್ಣೆಯದ್ದು ಇದೆಯಾ ಎಂದು ಕೇಳಿ ತೆಗೆದುಕೊಳ್ಳಿ.