ಹಳೇ 686 ರಿವಾಲ್ವರ್: ರೀಕಾಲ್ ಆಗಿತ್ತಂತೆ, ಹೊಡೆಯಬಹುದಾ?

ಹೊಸಗುರಿ: ಕೇಳಿ ಕೇಳಿ ಸಾಕಾಗಿದೆ. ಸ್ಮಿತ್ ಅಂಡ್ ವೆಸನ್ 686 ಕೈಗೆ ಬಂದಿದೆ. ಹಳೇದು, ಆದರೆ ಜಾಸ್ತಿ ಬಳಸಿಲ್ಲ. ಈ ಮಾಡೆಲ್ ಹಿಂದೆ ರೀಕಾಲ್ ಆಗಿತ್ತು (ದೋಷ ಸರಿಪಡಿಸಲು ಕಂಪನಿ ವಾಪಸ್ ಕರೆದಿತ್ತು) ಅಂತ ಈಗ ತಿಳಿಯಿತು. ಒಬ್ಬರು ಮುಟ್ಟಲೇಬೇಡಿ ಅನ್ನುತ್ತಾರೆ, ಇನ್ನೊಬ್ಬರು ಏನೂ ಆಗಲ್ಲ ಅನ್ನುತ್ತಾರೆ. ಲಾಕಪ್ ಗಟ್ಟಿಯಾಗಿದೆ (ಸಿಲಿಂಡರ್ ಅಲ್ಲಾಡದೆ ಕೂರುತ್ತದೆ), ಟೈಮಿಂಗ್ ಸರಿ ಇದೆ (ಕೋಣೆ ಬ್ಯಾರೆಲ್ ನೇರಕ್ಕೆ ಬಂದು ನಿಲ್ಲುತ್ತದೆ). ಹೊಡೆಯಬಹುದಾ, ಬೇಡವಾ?

ಹಳೇಕುದುರೆ: ಹಳೇ ರಿವಾಲ್ವರ್ ಕೆಳಗೆ ಬಿದ್ದರೆ ಗುಂಡು ಹಾರಬಹುದು. ಮೊದಲು ಅದನ್ನು ನೋಡಿ. 1973ಕ್ಕೆ ಮುಂಚಿನ ರೂಗರ್ ಸಿಂಗಲ್ ಆ್ಯಕ್ಷನ್‌ಗಳಲ್ಲಿ ಟ್ರಾನ್ಸ್‌ಫರ್ ಬಾರ್ (ಗನ್ ಬಿದ್ದಾಗ, ಬಡಿಯುವ ಹ್ಯಾಮರ್‌ನಿಂದ ಗುಂಡು ಹಾರದಂತೆ ಕಾಯುವ ಭಾಗ) ಇರಲಿಲ್ಲ. ಆರು ಕೋಣೆಗಳಲ್ಲಿ ಐದೇ ತುಂಬಿ, ಹ್ಯಾಮರ್ ಖಾಲಿ ಕೋಣೆಯ ಮೇಲಿರಲಿ.

ಆರುಗುಂಡು: ಅದು ರೂಗರ್ ವಿಷಯ ಸರ್. 686 ಒಳಗೆ ಬಿದ್ದಾಗ ಗುಂಡು ಹಾರದಂತೆ ತಡೆಯುವ ಹ್ಯಾಮರ್ ಬ್ಲಾಕ್ ಇರುತ್ತದೆ. ಹೊಸಗುರಿ ಅವರೇ, ಡ್ಯಾಶ್ ಎಷ್ಟು? ಎಂ ಇದೆಯಾ?

ಹಳೇಕುದುರೆ: ಇರುತ್ತದೆ ಅಂದರೆ ಸಾಕಾ? ಹಿಂದಿನವರು ಯಾರಾದರೂ ಕಿತ್ತು ಹಾಕಿರಬಹುದು. ಸೈಡ್‌ಪ್ಲೇಟ್ (ಪಕ್ಕದ ಮುಚ್ಚಳ) ಬಿಚ್ಚದೆ ಗೊತ್ತಾಗಲ್ಲ. ನನ್ನ ಮಾತು ಐದೇ.

ಹೊಸಗುರಿ: ಡ್ಯಾಶ್ ಅಂದರೆ ಏನು? 686 ಅಂತ ಹೇಳಿದೆನಲ್ಲ!

ಆರುಗುಂಡು: ಗನ್ ಖಾಲಿ ಮಾಡಿ, ಸಿಲಿಂಡರ್ ಹೊರಗೆ ತೆಗೆಯಿರಿ. ಯೋಕ್ (ಸಿಲಿಂಡರ್ ಹಿಡಿದು ಹೊರಗೆ ತೆರೆಯುವ ತೋಳು) ಕೂರುವ ಜಾಗದಲ್ಲಿ ಫ್ರೇಮ್ ಮೇಲೆ ಮಾಡೆಲ್ ನಂಬರ್ ಕೊರೆದಿರುತ್ತದೆ. ಅದರ ಮುಂದಿನ -1, -2 ಅನ್ನುವ ಅಂಕೆಯೇ ಡ್ಯಾಶ್. ಬರೀ 686 ಅಥವಾ 686-1 ಇದ್ದರೆ 1987ರ ರೀಕಾಲ್‌ಗೆ ಸೇರುತ್ತದೆ. ಆಗಿನ ತೊಂದರೆ ಬೀಳೋದರದ್ದಲ್ಲ. ಕೆಲವು .357 ಮ್ಯಾಗ್ನಮ್ (ಜಾಸ್ತಿ ಒತ್ತಡದ) ಗುಂಡು ಹೊಡೆದಾಗ ಪ್ರೈಮರ್ (ಗುಂಡಿನ ಹಿಂಬದಿ ಕಿಡಿ ಹಚ್ಚುವ ಬಟ್ಟಲು) ಲೋಹ ಫೈರಿಂಗ್ ಪಿನ್ ತೂತಿನೊಳಗೆ ಹಿಂದಕ್ಕೆ ಉಬ್ಬುತ್ತಿತ್ತು. ಅಲ್ಲೇ ಕಚ್ಚಿಕೊಂಡು ಸಿಲಿಂಡರ್ ತಿರುಗುತ್ತಿರಲಿಲ್ಲ. ಉಳಿದ ಕೋಣೆಗಳಲ್ಲಿ ಗುಂಡು ಇರುವಾಗ ಹಾಗೆ ಸಿಕ್ಕಿಕೊಂಡರೆ ಬಿಡಿಸೋದು ತಲೆನೋವು, ಅಲ್ವಾ? ಕಂಪನಿ ಹ್ಯಾಮರ್ ನೋಸ್ (ಇದೇ ಫೈರಿಂಗ್ ಪಿನ್), ಅದರ ಬುಶಿಂಗ್ (ಪಿನ್ ಹಾಯುವ ತೂತಿನ ಉಂಗುರ) ಎರಡನ್ನೂ ಬದಲಿಸಿ, ನಂಬರ್ ಪಕ್ಕ ಎಂ ಅಂತ ಒತ್ತಿತು. 686-2 ಈ ರಿಪೇರಿ ಸಮೇತ ಬಂತು.

ನೀಲಿಉಕ್ಕು: .38 ಸ್ಪೆಷಲ್ ಹೊಡೆಯಿರಿ, ಅದೇ ಗನ್‌ಗೆ ಹೊಂದುವ ಗಿಡ್ಡ ಗುಂಡು. ಒತ್ತಡ ಕಡಿಮೆ, ಪ್ರೈಮರ್ ಉಬ್ಬಲ್ಲ. ನನ್ನ ಹತ್ತಿರ 4 ಇಂಚು, 6 ಇಂಚು ಬ್ಯಾರೆಲ್ ಎರಡೂ ಬಗೆಯ ಗನ್ ಇವೆ. 6 ಇಂಚಿನದಕ್ಕೆ ಮರದ ಟಾರ್ಗೆಟ್ ಗ್ರಿಪ್ ಹಾಕಿದ್ದೇನೆ. ಆ ಟ್ರಿಗರ್ ಎಳೆದವರು ಬೇರೆ ಗನ್ ಕೇಳಲ್ಲ.

ಹಳೇಕುದುರೆ: .38 ಜಾಸ್ತಿ ಹೊಡೆದರೆ ಕೋಣೆಯೊಳಗೆ ಮಸಿಯ ಉಂಗುರ ಕಟ್ಟುತ್ತದೆ. ಆಮೇಲೆ ಉದ್ದದ .357 ಕೇಸ್ ಒಳಗೆ ಹೋಗಲ್ಲ.

ನೀಲಿಉಕ್ಕು: ಬ್ರಷ್ ಹಾಕಿ ಉಜ್ಜಿದರೆ ಹೋಗುತ್ತದೆ. ಪ್ರತಿ ಸಲ ಕ್ಲೀನ್ ಮಾಡುವವರಿಗೆ ಅದು ಸಮಸ್ಯೆಯೇ ಅಲ್ಲ.

ಹಳೇಕುದುರೆ: ಎಲ್ಲರೂ ಹಾಗೆ ಉಜ್ಜುತ್ತಾರಾ?

ಹೊಸಗುರಿ: ದಯವಿಟ್ಟು ನನ್ನ ಪ್ರಶ್ನೆಗೆ ಬನ್ನಿ. ನೋಡಿದೆ, 686-1 ಅಂತಿದೆ. ಪಕ್ಕದಲ್ಲಿ ಎಂ ಇಲ್ಲ.

ಆರುಗುಂಡು: ಹಾಗಾದರೆ ರಿಪೇರಿ ಆಗಿಲ್ಲ ಅಂತಲೇ ಇಟ್ಟುಕೊಳ್ಳಿ. ಲಾಕಪ್, ಟೈಮಿಂಗ್ ಚೆನ್ನಾಗಿದ್ದರೂ ಈ ದೋಷ ಅದರಲ್ಲಿ ಕಾಣಲ್ಲ. .38 ದಾರಿಯನ್ನೂ ನಾನು ಒಪ್ಪಲ್ಲ. ನಾಳೆ ಈ ಗನ್ ಇನ್ನೊಬ್ಬರ ಕೈಗೆ ಹೋಗುತ್ತದೆ, ಅವರು ಮ್ಯಾಗ್ನಮ್ ತುಂಬುತ್ತಾರೆ. ಸೀರಿಯಲ್ ನಂಬರ್ ಕೊಟ್ಟು ಕಂಪನಿಯನ್ನೇ ಕೇಳಿ. ಉತ್ತರ ಬರುವವರೆಗೆ ಹೊಡೆಯಬೇಡಿ.

ಹೊಸಗುರಿ: ಹಿಂದಿನವರು ಹೊರಗೆ ಯಾರ ಕೈಲಾದರೂ ಬುಶಿಂಗ್ ಬದಲಿಸಿ, ಎಂ ಒತ್ತದೆ ಬಿಟ್ಟಿದ್ದರೆ?

ಆರುಗುಂಡು: ಇರಬಹುದು. ಆದರೆ ಬರೀ ಕಣ್ಣಲ್ಲಿ ನೋಡಿ ಹೇಳುವ ವಿಷಯ ಅಲ್ಲ ಅದು. ಗೊತ್ತಿರುವ ಗನ್‌ಸ್ಮಿತ್ ಅಳೆದು ನೋಡಬೇಕು.

ನೀಲಿಉಕ್ಕು: ಬ್ಯಾರೆಲ್ ಎಷ್ಟು ಇಂಚು ಅಂತ ಹೇಳಲೇ ಇಲ್ಲವಲ್ಲ? 6 ಆದರೆ ನನ್ನ ಹತ್ತಿರ ಒಂದು ಜೊತೆ ಗ್ರಿಪ್ ಇದೆ.