ಸಹಾಯ ಬೇಕು: ಹಳೆ ಹೆಡ್ ಬೋಲ್ಟ್ ಮತ್ತೆ ಹಾಕಬಹುದಾ?

ಅಪ್ಪನ ಡೀಸೆಲ್ ಕಾರು ಕಲಬುರಗಿಯಿಂದ ಸೇಡಂಗೆ ಹೋಗುವಾಗ ಬಿಸಿಯಾಗಿ ನಿಂತಿತು. ಹೆಡ್ ಗ್ಯಾಸ್ಕೆಟ್ (ಎಂಜಿನ್ ಬ್ಲಾಕ್ ಮತ್ತು ಅದರ ಮೇಲಿನ ಹೆಡ್ ನಡುವಿನ ಸೀಲ್) ಹೋಗಿದೆ, ಎಂಜಿನ್ ಪೂರ್ತಿ ಬಿಚ್ಚಿದ್ದಾರೆ. ಹೆಡ್ ಅನ್ನು ಬ್ಲಾಕ್‌ಗೆ ಬಿಗಿ ಮಾಡುವ ಬೋಲ್ಟ್ ಚೆನ್ನಾಗಿವೆ, ಸುಮ್ನೆ ಯಾಕೆ ಖರ್ಚು, ಹಳೇವನ್ನೇ ಹಾಕೋಣ ಅಂತಾರೆ ಮೆಕ್ಯಾನಿಕ್. ಆದರೆ ಮ್ಯಾನುಯಲ್‌ನಲ್ಲಿ ಮೊದಲು ಟಾರ್ಕ್ (ಹೇಳಿದಷ್ಟು ತಿರುಗುಬಲಕ್ಕೆ ಬಿಗಿ), ಆಮೇಲೆ 90 ಡಿಗ್ರಿ, ಮತ್ತೆ 90 ಡಿಗ್ರಿ ತಿರುಗಿಸಿ ಅಂತಿದೆ. ಅಂದರೆ ಬಿಗಿ ಮಾಡುವಾಗಲೇ ಹಿಗ್ಗುವ ಬೋಲ್ಟ್ ಅಲ್ವಾ? ಹಾಗೆ ಹಿಗ್ಗಿದ್ದು ಪೂರ್ತಿ ಮೊದಲಿನ ಉದ್ದಕ್ಕೆ ಬರುವುದಿಲ್ಲ, ಮತ್ತೆ ಬಿಗಿ ಮಾಡಿದರೆ ಹಿಡಿತ ಕಮ್ಮಿಯಾಗಬಹುದು, ತುಂಡಾಗಿ ಬ್ಲಾಕ್‌ನಲ್ಲೇ ಉಳಿದರೆ ಇನ್ನೂ ಜಾಸ್ತಿ ಖರ್ಚು. ವರ್ನಿಯರ್ ಇಟ್ಟು ಅಳೆದೆ, 10ರಲ್ಲಿ ಎರಡು ಉಳಿದವಕ್ಕಿಂತ ಉದ್ದ ಇವೆ. ನನಗಂತೂ ಹೊಸದೇ ಬೇಕು. ಸೆಟ್ ಇಲ್ಲೇ ಸಿಗುತ್ತದಾ, ಹೈದರಾಬಾದ್‌ಗೆ ಹೋಗಬೇಕಾ? ಬೋಲ್ಟ್‌ನ ಥ್ರೆಡ್‌ಗೆ ಎಣ್ಣೆ ಹಚ್ಚಬೇಕಾ, ಒಣಗಿದ್ದೇ ಹಾಕಬೇಕಾ? ಕೈಯಾರೆ ಮಾಡಿದವರು ದಯವಿಟ್ಟು ಹೇಳಿ, ಸೋಮವಾರ ಹೆಡ್ ಕೂರಿಸುತ್ತಾರೆ.