ಚೌಕಳಿಯೊಳಗೆ ಝೆಂಟ್ಯಾಂಗಲ್: ಸ್ಕೇಲ್ ಬೇಕೇ, ಬೇಡವೇ?

ಪ್ರಶ್ನೆ: ಸಂಜೆಗೆರೆ

ಹುಬ್ಬಳ್ಳಿಯಲ್ಲಿ ಲೆಕ್ಕಪತ್ರದ ಕೆಲಸ ನನ್ನದು. ರಾತ್ರಿ ಊಟವಾದ ಮೇಲೆ ಕಪ್ಪು ಪೆನ್ನು ಹಿಡಿದು ಝೆಂಟ್ಯಾಂಗಲ್ (ಪುಟ್ಟ ವಿನ್ಯಾಸಗಳನ್ನು ಗೆರೆಗೆರೆಯಾಗಿ ತುಂಬಿ ಮಾಡುವ ಚಿತ್ರ) ಬಿಡಿಸಲು ಕುಳಿತರೆ ಹಿತವೆನಿಸುತ್ತದೆ. ಇಷ್ಟು ದಿನ ಪೆನ್ಸಿಲಿನಲ್ಲಿ ಅಂಕುಡೊಂಕು ಗೆರೆ ಹಾಕಿ, ಆ ಭಾಗಗಳನ್ನು ತುಂಬುತ್ತಿದ್ದೆ. ಈಗ ಚೌಕಳಿ ಹಾಕಿ ಮನೆಗೊಂದು ವಿನ್ಯಾಸ ತುಂಬುವ ಆಸೆ. ಆದರೆ ಸ್ಕೇಲ್ ಹಿಡಿದ ಕೂಡಲೇ ಕಚೇರಿಯ ಖಾತೆ ಪುಸ್ತಕ ನೆನಪಾಗುತ್ತದೆ. ಬರಿಗೈಯಲ್ಲಿ ಎಳೆದರೆ ಮನೆಗಳು ಓರೆಕೋರೆ. ನೀವೆಲ್ಲ ಹೇಗೆ ಮಾಡುತ್ತೀರಿ? ಎಷ್ಟು ಮನೆ ಇದ್ದರೆ ಚೆನ್ನ?

ಉತ್ತರ: ಕಪ್ಪುಮಸಿ

ಸ್ಕೇಲ್ ಖಂಡಿತ ಬೇಡ. ಅಮೆರಿಕದಲ್ಲಿ ಈ ಪದ್ಧತಿಯನ್ನು ರೂಪಿಸಿದ ರಿಕ್ ರಾಬರ್ಟ್ಸ್ ಮತ್ತು ಮರಿಯಾ ಥಾಮಸ್ ಅಳಿಸುವ ರಬ್ಬರನ್ನೂ ಹೊರಗಿಟ್ಟರು. ಅವರ ಹಾಳೆ ಮೂರೂವರೆ ಅಂಗುಲದ ಚೌಕ. ನಾಲ್ಕು ಮೂಲೆಗೆ ಪೆನ್ಸಿಲ್ ಚುಕ್ಕಿ ಇಟ್ಟು, ಅವನ್ನು ಸೇರಿಸಿ ಅಂಚು ಮಾಡಿ, ಅಡ್ಡಕ್ಕೆ ಮೂರು, ಉದ್ದಕ್ಕೆ ಮೂರು ಗೆರೆ ಎಳೆಯಿರಿ: ಹದಿನಾರು ಮನೆ. ಒಂದೊಂದು ಸುಮಾರು ಎರಡು ಸೆಂಟಿಮೀಟರ್. 01 ಸಂಖ್ಯೆಯ ಮೈಕ್ರಾನ್ ಪೆನ್ನಿನ ಗೆರೆ 0.25 ಮಿಲಿಮೀಟರ್ ದಪ್ಪ, ಅದಕ್ಕೆ ಈ ಮನೆ ಧಾರಾಳ. ಮನೆ ಓರೆಯಾದರೆ ಆಗಲಿ, ಒಳಗಿನ ಗೆರೆಗಳು ಅದರ ಜೊತೆಗೇ ವಾಲಿಕೊಳ್ಳುತ್ತವೆ.

ಆದರೆ ಮನೆಗೊಂದು ವಿನ್ಯಾಸ ಎನ್ನುವುದನ್ನು ನಾನು ಒಪ್ಪುವುದಿಲ್ಲ. ಪ್ರತಿ ಮನೆಗೂ ಮುಂದೇನು ಎಂದು ತೀರ್ಮಾನಿಸುತ್ತಾ ಹೋದರೆ ಮನಸ್ಸಿಗೆ ಬಿಡುವೆಲ್ಲಿ? ಈ ಪದ್ಧತಿಯಲ್ಲಿ ಚೌಕಳಿಗೆ ರೆಟಿಕ್ಯುಲಾ ಎಂದೂ ಒಂದು ಮನೆಯೊಳಗಿನ ತುಣುಕಿಗೆ ಫ್ರಾಗ್ಮೆಂಟ್ ಎಂದೂ ಹೆಸರು. ಒಂದೇ ತುಣುಕನ್ನು ಹಿಡಿಯಿರಿ. ನಾಲ್ಕು ಮನೆಗಳು ಕೂಡುವ ಒಂದು ಮೂಲೆಯನ್ನು ಕೇಂದ್ರವಾಗಿಟ್ಟು ಕಾಲು ವೃತ್ತದ ಕಮಾನುಗಳನ್ನು ಒಂದರಾಚೆ ಒಂದು ಎಳೆದು, ಕಮಾನುಗಳಾಚೆ ಉಳಿದ ಜಾಗಕ್ಕೆ ಕಪ್ಪು ತುಂಬಿ. ಪಕ್ಕದ ಮನೆಗೆ ಹೋಗುವಾಗ ಹಾಳೆಯನ್ನೇ ಕಾಲು ಸುತ್ತು ತಿರುಗಿಸಿ, ಅದೇ ಮೂಲೆಯಿಂದ ಮತ್ತೆ ಎಳೆಯಿರಿ. ನಾಲ್ಕನೆಯ ಮನೆ ಮುಗಿದಾಗ ಕಮಾನುಗಳು ಕೂಡಿ ಇಡೀ ವೃತ್ತಗಳಾಗಿರುತ್ತವೆ. ಕೈ ಒಂದೇ ಬಗೆಯಲ್ಲಿ ಚಲಿಸಿರುತ್ತದೆ, ತಿರುಗಿದ್ದು ಹಾಳೆ ಮಾತ್ರ. ನನಗೆ ಈ ಕಲೆಯಲ್ಲಿ ಇದಕ್ಕಿಂತ ಪ್ರಿಯವಾದದ್ದು ಇನ್ನೊಂದಿಲ್ಲ.

ಉತ್ತರ: ಬಿಲ್ವಪತ್ರೆ

ಗೆರೆಯೂ ಏಕೆ, ಚುಕ್ಕಿ ಸಾಕಲ್ಲ? ಬಾಗಿಲ ಮುಂದೆ ಚುಕ್ಕಿಯಿಟ್ಟು ಎಳೆ ರಂಗೋಲಿ ಹಾಕುವವರು ಯಾರೂ ಸ್ಕೇಲ್ ಹಿಡಿಯುವುದಿಲ್ಲ, ಕಣ್ಣೇ ಅಳತೆ. ಕೇಡೆಂಟ್ ಎಂಬ ವಿನ್ಯಾಸ ನೋಡಿ. ಸಾಲಾಗಿ ಪುಟ್ಟ ಸೊನ್ನೆಗಳು. ಒಂದರ ನೆತ್ತಿಯಿಂದ ಹೊರಟ ಗೆರೆ ಬಳುಕಿ ಮುಂದಿನದರ ಅಡಿಗೆ ಸೇರುತ್ತದೆ. ಸಾಲುಗಳೆಲ್ಲ ಮುಗಿದ ಮೇಲೆ ಹಾಳೆ ತಿರುಗಿಸಿ ಕಂಬಸಾಲುಗಳಿಗೂ ಹಾಗೆಯೇ. ಸೊನ್ನೆಗಳು ಹೆಚ್ಚು ಕಡಿಮೆ ಒಂದೇ ಅಂತರದಲ್ಲಿರಲಿ, ಅಷ್ಟೇ.

ಉತ್ತರ: ಮಲೆಸೀಮೆ

ಚೌಕಳಿಗೂ ನೆಮ್ಮದಿಗೂ ನಂಟಿದೆ ಎನ್ನಲು ಒಂದು ಅಧ್ಯಯನವೂ ಇದೆ. 2005ರಲ್ಲಿ ಕರಿ ಮತ್ತು ಕ್ಯಾಸರ್ ಎಂಬ ಸಂಶೋಧಕರು 84 ವಿದ್ಯಾರ್ಥಿಗಳಿಗೆ ಬಣ್ಣ ತುಂಬಲು ಕೊಟ್ಟರು. ಮಂಡಲಕ್ಕೋ ಚೌಕಳಿ ವಿನ್ಯಾಸಕ್ಕೋ ಬಣ್ಣ ತುಂಬಿದವರ ಆತಂಕ, ಖಾಲಿ ಹಾಳೆ ಸಿಕ್ಕವರದಕ್ಕಿಂತ ಹೆಚ್ಚು ಇಳಿಯಿತು. ಅದು ಬಣ್ಣ ತುಂಬುವುದರ ಅಧ್ಯಯನ, ಝೆಂಟ್ಯಾಂಗಲ್‌ನದಲ್ಲ. ಆದರೂ ಗೆರೆ ಮೊದಲೇ ದಾರಿ ತೋರಿದರೆ ಕೈ ಹಗುರಾಗುತ್ತದೆ ಎಂಬ ನಮ್ಮ ಅನುಭವಕ್ಕೆ ಅದು ಹತ್ತಿರವಾಗಿದೆ.

ಪ್ರಶ್ನೆ ಕೇಳಿದವರು: ಸಂಜೆಗೆರೆ

ಕಪ್ಪುಮಸಿಯವರೇ, ಕಮಾನು ಹಾಕಿ ನೋಡಿದೆ. ವೃತ್ತ ಕೂಡಿದಾಗ ಬಹಳ ಸಂತೋಷವಾಯಿತು! ಆದರೆ ಎಲ್ಲವೂ ಚಪ್ಪಟೆಯಾಗಿ ಕಾಣುತ್ತಿದೆ. ನೆರಳು ಎಲ್ಲಿ ಕೊಡಬೇಕು?

ಉತ್ತರ: ಕಪ್ಪುಮಸಿ

ಮಸಿ ಪೂರ್ತಿ ಒಣಗಲಿ. ಮೆತ್ತನೆಯ 2ಬಿ ಪೆನ್ಸಿಲಿನಿಂದ ಪ್ರತಿ ಕಮಾನಿನ ಹೊರಬದಿಗೆ ಮಾತ್ರ ತೆಳುವಾಗಿ ಉಜ್ಜಿ, ಕಾಗದ ಸುತ್ತಿದ ಕಡ್ಡಿಯಿಂದ ಹೊರಕ್ಕೆ ಸವರಿ. ಬೆರಳು ಬಳಸಬೇಡಿ, ಬೆವರಿಗೆ ಕಲೆ ನಿಲ್ಲುತ್ತದೆ. ಎಲ್ಲ ಕಮಾನುಗಳಿಗೂ ಒಂದೇ ಬದಿಯಲ್ಲಿ ನೆರಳಿದ್ದರೆ ಒಂದರ ಮೇಲೊಂದು ಪದರ ಇಟ್ಟಂತೆ ಎದ್ದು ಕಾಣುತ್ತದೆ.